ಮೂಕಿ ಚಿತ್ರಗಳು: ಮಾತಿಲ್ಲದೆ ಲೋಕವನ್ನು ಗೆದ್ದ ಕಲೆ

ಇಂದು ಲೋಕದಲ್ಲಿ ಮಾತಿಗೆ ಬರಗಾಲವಿಲ್ಲ. ಬೆಳಗಾದರೆ ದೂರದರ್ಶನದ ಚರ್ಚೆ, ಹೊತ್ತೇರಿದರೆ ಧ್ವನಿವರ್ಧಕದ ಭಾಷಣ, ಮಲಗುವವರೆಗೂ ಅಂಗೈಯೊಳಗಿನ ಮೊಬೈಲಿನ ಸದ್ದು. ಇಂಥ ಕಾಲದಲ್ಲಿ, ಒಂದೇ ಒಂದು ಮಾತನ್ನೂ ಆಡದೆ ಕೋಟ್ಯಂತರ ಜನರನ್ನು ನಗಿಸಿದ, ಅಳಿಸಿದ ಕಲೆಯೊಂದು ಇದ್ದಿತೆಂದರೆ ಎಳೆಯರಿಗೆ ಅದು ಕಟ್ಟುಕಥೆಯಂತೆ ತೋರಬಹುದು. ಆದರೆ ಅದು ನಡೆದ ಸಂಗತಿ. 1895ರಿಂದ ಮೊದಲುಗೊಂಡು ಸುಮಾರು ಮೂವತ್ತೈದು ವರ್ಷಗಳ ಕಾಲ ಚಲನಚಿತ್ರವೆಂಬುದು ಮೂಕವಾಗಿಯೇ ಬಾಳಿತು. ಬಾಳಿ ಜಗತ್ತನ್ನೇ ಗೆದ್ದಿತು. ಆ ಮೂಕಿ ಚಿತ್ರಗಳು ಹುಟ್ಟಿದ ಬಗೆ, ಅವು ಇಂದಿಗೂ ಮನಸ್ಸನ್ನು ಹಿಡಿಯುವ ಕಾರಣ, ಅವುಗಳಿಗೆ ಒದಗಿದ ದುರ್ಗತಿ, ಈ ಮೂರನ್ನೂ ವಾಚಕರ ಮುಂದಿಡಬೇಕೆಂಬುದು ನಮ್ಮ ಈ ಬರಹದ ಉದ್ದೇಶ.

ಸಿನಿಮಾದ ಮಾತೆತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದ ಕಾಲವೊಂದಿತ್ತು. ಮಠದ ಪಾಠಶಾಲೆಯಲ್ಲಿ ಓದಿ ಬಂದ ನಮಗೂ ಆ ಹುಬ್ಬಿನ ಗಂಟಿನ ಪರಿಚಯ ಚೆನ್ನಾಗಿಯೇ ಇದೆ. ಆದರೆ ಈ ದೇಶದಲ್ಲಿ ಚಿತ್ರಕಲೆಯ ಈ ಹೊಸ ಸಸಿ ಕುಡಿಯೊಡೆದದ್ದು ಯಾವ ಕಥೆಯಿಂದ ಎಂಬುದನ್ನು ಅರಿತಾಗ ಆ ಗಂಟು ತಾನಾಗಿಯೇ ಸಡಿಲವಾಗುತ್ತದೆ. ರಾಘವಾಂಕ ಕವಿಯು ಕನ್ನಡದಲ್ಲಿ ಕಾವ್ಯವಾಗಿಸಿದ ಸತ್ಯವಂತ ಹರಿಶ್ಚಂದ್ರನ ಕಥೆಯೇ ಅದು. ಅದಕ್ಕೆ ಬರುವ ಮುನ್ನ ಕೊಂಚ ಹಿಂದಕ್ಕೆ ಹೋಗಬೇಕು.

ಹುಟ್ಟು

1895ರ ಡಿಸೆಂಬರ್ 28ರಂದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಗ್ರಾಂಡ್ ಕೆಫೆ ಎಂಬಲ್ಲಿ ಲೂಮಿಯೆರ್ ಸಹೋದರರು ಹಣ ಕೊಟ್ಟು ಬಂದ ಸಾರ್ವಜನಿಕರಿಗೆ ಹತ್ತು ಕಿರುಚಿತ್ರಗಳನ್ನು ತೋರಿಸಿದರು. ಕಾರ್ಖಾನೆಯಿಂದ ಹೊರಬರುವ ಕಾರ್ಮಿಕರು, ಕೂಸಿಗೆ ಉಣಿಸುತ್ತಿರುವ ತಂದೆತಾಯಿ, ತೋಟಕ್ಕೆ ನೀರು ಹಾಯಿಸುವವನ ಪಜೀತಿ, ಇಂಥ ನಿತ್ಯದ ನೋಟಗಳೇ ಅಲ್ಲಿದ್ದವು. ಪ್ರತಿಯೊಂದೂ ಒಂದು ನಿಮಿಷದೊಳಗಿನದು. ಒಂದರ ಹಿಂದೊಂದು ವೇಗವಾಗಿ ಸರಿಯುವ ಸ್ಥಿರಚಿತ್ರಗಳು ಕಣ್ಣಿಗೆ ಚಲನೆಯಾಗಿ ತೋರುತ್ತವೆಂಬ ಸರಳ ತತ್ತ್ವವೇ ಆ ಸೋಜಿಗದ ಮೂಲ.

ಈ ಸೋಜಿಗ ಭಾರತಕ್ಕೆ ಬರಲು ಏಳು ತಿಂಗಳೂ ಹಿಡಿಯಲಿಲ್ಲ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅವೇ ಸಹೋದರರ ಆರು ಚಿತ್ರಗಳ ಪ್ರದರ್ಶನವಾಯಿತು. ಅಲ್ಲಿಂದ ಮುಂದೆ ಸಂಚಾರಿ ಪ್ರದರ್ಶಕರು ಯಂತ್ರವನ್ನು ಹೊತ್ತು ಊರೂರು ಅಲೆದರು. ದಕ್ಷಿಣದಲ್ಲಿ ಸ್ವಾಮಿಕಣ್ಣು ವಿನ್ಸೆಂಟ್ ಎಂಬ ರೈಲ್ವೆ ನೌಕರರು 1905ರಲ್ಲಿ ಫ್ರೆಂಚರೊಬ್ಬರಿಂದ ಪ್ರದರ್ಶನಯಂತ್ರವನ್ನು ಕೊಂಡು, ಕೆಲಸ ಬಿಟ್ಟು, ಡೇರೆ ಹೂಡಿ ಚಿತ್ರ ತೋರಿಸುತ್ತ ಸಂಚರಿಸಿದರು. ನಮ್ಮ ಹಿರಿಯರು ನೆಲದ ಮೇಲೆ ಕುಳಿತು ನೋಡುತ್ತಿದ್ದ ಟೆಂಟ್ ಸಿನಿಮಾದ ಪರಂಪರೆ ಇಂಥ ಡೇರೆಗಳಿಂದ ಬೆಳೆದು ಬಂದುದು.

ಫಾಲ್ಕೆಯವರ ತಪಸ್ಸು

ಆದರೆ ಅಲ್ಲಿ ತೋರುತ್ತಿದ್ದುದೆಲ್ಲ ಬಹುಮಟ್ಟಿಗೆ ಪರದೇಶದ ಚಿತ್ರಗಳೇ. ನಮ್ಮ ಕಥೆ ನಮ್ಮ ತೆರೆಯ ಮೇಲೆ ಬರಬೇಕೆಂದು ಹಟ ತೊಟ್ಟವರು ಧುಂಡಿರಾಜ ಗೋವಿಂದ ಫಾಲ್ಕೆ. 1870ರಲ್ಲಿ ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ಇವರು ಚಿತ್ರಕಲೆ, ಛಾಯಾಗ್ರಹಣ, ಮುದ್ರಣ ಎಲ್ಲದರಲ್ಲಿಯೂ ಕೈಯಾಡಿಸಿದವರು. ನಲವತ್ತರ ಹೊಸ್ತಿಲಲ್ಲಿ ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಚಿತ್ರವನ್ನು ಕಂಡರು. ಅದು ಕಣ್ಣೆದುರು ಓಡುತ್ತಿರುವಾಗಲೇ ಅವರ ಮನಸ್ಸಿನಲ್ಲಿ ಕೃಷ್ಣನೂ ರಾಮನೂ ಚಲಿಸತೊಡಗಿದರು. ಅಂದಿನಿಂದ ನಿದ್ದೆಯಿಲ್ಲ, ಊಟದ ಪರಿವೆಯಿಲ್ಲ. ಚಿತ್ರಗಳನ್ನು ನೋಡಿ ನೋಡಿ, ಪ್ರಯೋಗ ಮಾಡಿ ಮಾಡಿ ಕಣ್ಣಿನ ಬೇನೆಗೂ ತುತ್ತಾದರು. ವಿಮಾಪತ್ರವನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ, ಕೆಲಸ ಕಲಿತು, ಕ್ಯಾಮೆರಾ ಕೊಂಡು ಮರಳಿದರು. ಬಟಾಣಿ ಕಾಳೊಂದು ಮೊಳೆತು ಗಿಡವಾಗುವುದನ್ನು ದಿನದಿನವೂ ಚಿತ್ರಿಸಿ, ಅದನ್ನು ತೋರಿಸಿ, ತಮ್ಮ ವಿದ್ಯೆಯಲ್ಲಿ ಇತರರಿಗೆ ನಂಬಿಕೆ ಹುಟ್ಟಿಸಿದರು.

ಇಲ್ಲಿ ನಮ್ಮ ಸೋದರಿಯರು ಗಮನಿಸಬೇಕಾದ ಹೆಸರೊಂದಿದೆ. ಅದು ಫಾಲ್ಕೆಯವರ ಧರ್ಮಪತ್ನಿ ಸರಸ್ವತಿಬಾಯಿಯವರದು. ಬಂಡವಾಳಕ್ಕೆ ಹಣ ಸಾಲದಾದಾಗ ಮೈಮೇಲಿನ ಒಡವೆಗಳನ್ನು ಕಳಚಿಕೊಟ್ಟವರು ಇವರು. ಚಿತ್ರತಂಡಕ್ಕೆಲ್ಲ ಅಡುಗೆ ಮಾಡಿ ಬಡಿಸಿದವರೂ ಇವರೇ. ಅಷ್ಟಕ್ಕೆ ನಿಲ್ಲದೆ, ಚಿತ್ರಸುರುಳಿಗೆ ರಂಧ್ರ ಹಾಕುವ, ಅದನ್ನು ರಾಸಾಯನಿಕದಲ್ಲಿ ಸಂಸ್ಕರಿಸುವ ಕೆಲಸವನ್ನೂ ಕಲಿತು ಕತ್ತಲಕೋಣೆಯಲ್ಲಿ ದುಡಿದರು. ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿಯ ಬಟ್ಟೆ ಹಿಡಿದು ಗಂಟೆಗಟ್ಟಲೆ ನಿಂತರು. ಭಾರತೀಯ ಚಿತ್ರರಂಗಕ್ಕೆ ಪಿತಾಮಹರೆಂದು ಒಬ್ಬರನ್ನು ಕರೆಯುವ ನಾವು ಆ ಮನೆಯ ತಾಯಿಯನ್ನು ಮರೆಯುವುದು ಸಲ್ಲದು.

ಹೀಗೆ ಸಿದ್ಧವಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂಬ ಮನ್ನಣೆ ಇದಕ್ಕೆ ಸಂದಿದೆ. ತಾರಾಮತಿಯ ಪಾತ್ರಕ್ಕೆ ಹೆಣ್ಣುಮಕ್ಕಳು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಉಪಹಾರಗೃಹವೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತರುಣ ಸೀರೆಯುಟ್ಟು ತಾರಾಮತಿಯಾದ. ಲೋಹಿತಾಶ್ವನ ಪಾತ್ರವನ್ನು ಫಾಲ್ಕೆಯವರ ಮಗ ಭಾಲಚಂದ್ರನೇ ಧರಿಸಿದ. ಆದರೆ ಕಾಲ ಬಹುಬೇಗ ಬದಲಾಯಿತು. ಅದೇ ವರ್ಷದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾಗಿಯೂ, ಅವರ ಮಗಳು ಕಮಲಾಬಾಯಿ ಮೋಹಿನಿಯಾಗಿಯೂ ತೆರೆಯ ಮೇಲೆ ಬಂದರು. 1919ರ ‘ಕಾಳಿಯಾ ಮರ್ದನ’ದಲ್ಲಿ ಬಾಲಕೃಷ್ಣನಾದವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ.

ಮೂಕಿಯೆಂದರೆ ನಿಶ್ಶಬ್ದವಲ್ಲ

ಮೂಕಿ ಚಿತ್ರವೆಂದೊಡನೆ ಸ್ಮಶಾನಮೌನದ ಮಂದಿರವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಪರದೇಶಗಳಲ್ಲಿ ತೆರೆಯ ಮುಂದೆ ಪಿಯಾನೊ ನುಡಿಸುವವರಿರುತ್ತಿದ್ದರು; ದೊಡ್ಡ ನಗರಗಳಲ್ಲಿ ಇಡಿಯ ವಾದ್ಯವೃಂದವೇ ಕುಳಿತಿರುತ್ತಿತ್ತು. ನಮ್ಮಲ್ಲಿ ಹಾರ್ಮೋನಿಯಂ ತಬಲಾಗಳು ಆ ಕೆಲಸ ಮಾಡಿದವು. ಜಪಾನಿನಲ್ಲಿ ತೆರೆಯ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತ ಕಥೆ ನಿರೂಪಿಸುವ ‘ಬೆನ್ಶಿ’ ಎಂಬ ಕಥನಕಾರರಿದ್ದರು; ಕೆಲವರಿಗೆ ನಟರಷ್ಟೇ ಕೀರ್ತಿಯಿತ್ತು. ನಮ್ಮ ಊರುಗಳಲ್ಲಿಯೂ ಕಥೆ ವಿವರಿಸುವವರಿದ್ದರು. ದೃಶ್ಯಗಳ ನಡುವೆ ಬರುವ ಬರಹಗಳನ್ನು ಹಲವು ಭಾಷೆಗಳಲ್ಲಿ ಅಚ್ಚು ಮಾಡುತ್ತಿದ್ದರು. ಅಕ್ಷರ ಬಲ್ಲವರು ಗಟ್ಟಿಯಾಗಿ ಓದುತ್ತಿದ್ದರು, ಬಾರದವರು ಕೇಳಿ ತಿಳಿಯುತ್ತಿದ್ದರು. ಪುರಾಣಪ್ರವಚನಕ್ಕೆ ಕೂಡಿ ಕುಳಿತು ರೂಢಿಯಿದ್ದ ಜನಕ್ಕೆ ಇದೇನೂ ಹೊಸತಾಗಿರಲಿಲ್ಲ.

ಹಳೆಯ ಚಿತ್ರಗಳಲ್ಲಿ ಜನರು ಗೊಂಬೆಗಳಂತೆ ಅವಸರವಸರವಾಗಿ ಓಡಾಡುವುದನ್ನು ಕಂಡು ಮಕ್ಕಳು ನಗುವುದುಂಟು. ಅದು ಅಂದಿನವರ ತಪ್ಪಲ್ಲ. ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಚಿತ್ರಗಳು ಮೂಡುತ್ತಿದ್ದವು. ಮಾತಿನ ಚಿತ್ರ ಬಂದ ಮೇಲೆ ಈ ಗತಿ 24ಕ್ಕೆ ನಿಂತಿತು. ಹಳೆಯದನ್ನು ಹೊಸ ವೇಗದಲ್ಲಿ ಓಡಿಸಿದಾಗ ನಡಿಗೆ ಓಟವಾಗುತ್ತದೆ. ಸರಿಯಾದ ಗತಿಯಲ್ಲಿ ತೋರಿಸಿದರೆ ಅವರೂ ನಮ್ಮಂತೆಯೇ ನಡೆಯುವ ಮನುಷ್ಯರು.

ಕನ್ನಡ ನಾಡಿನಲ್ಲಿ

ಮೂಕಿ ಚಿತ್ರದ ಇತಿಹಾಸದಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ. ಮೋಹನ ಭವನಾನಿಯವರು ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿ ಮೈಸೂರು ಸೀಮೆಯಲ್ಲಿ ತೆಗೆದ ‘ವಸಂತಸೇನಾ’ ಚಿತ್ರದಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರೂ ನಾಟಕಕಾರ ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದ್ದರು. ಮುಂದೆ ದೇಶದ ಕರಕುಶಲಕಲೆಗೆ ಹೊಸ ಜೀವ ಕೊಟ್ಟ ಕಮಲಾದೇವಿಯವರು, ಗೌರವಸ್ಥ ಮನೆತನದ ಹೆಣ್ಣುಮಕ್ಕಳು ತೆರೆಯ ಮೇಲೆ ಬರಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿಯೇ ಈ ಧೈರ್ಯ ತೋರಿದ್ದರು.

ಇನ್ನು ನಾಟಕರತ್ನ ಗುಬ್ಬಿ ವೀರಣ್ಣನವರ ಹೆಸರನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಮೇರುಮಟ್ಟಕ್ಕೇರಿಸಿದ ಈ ಮಹನೀಯರು ಮೂಕಿ ಚಿತ್ರಗಳಿಗೂ ಕೈಹಾಕಿದರು. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ 1932ರಲ್ಲಿ ಬಂದ ‘ಹರಿಮಾಯಾ’ ಅವುಗಳಲ್ಲೊಂದು. ಮಾತಿನ ಚಾತುರ್ಯದಿಂದಲೇ ಸಾವಿರಾರು ಪ್ರೇಕ್ಷಕರನ್ನು ಹಿಡಿದಿಟ್ಟಿದ್ದ ನಟರೊಬ್ಬರು ಮಾತನ್ನು ಬದಿಗಿಟ್ಟು ಬರಿಯ ಮುಖಭಾವವನ್ನೇ ನಂಬಿ ನಿಂತರೆಂಬುದು ಸಾಹಸವೇ ಸರಿ. ಆದರೆ ಆ ವೇಳೆಗಾಗಲೇ ಮೂಕಿಯ ಕಾಲ ಮುಗಿಯುತ್ತ ಬಂದಿತ್ತು. ಅದೇ ವೈ. ವಿ. ರಾವ್ ಅವರು 1934ರಲ್ಲಿ ‘ಸತಿ ಸುಲೋಚನಾ’ದ ಮೂಲಕ ಕನ್ನಡಕ್ಕೆ ಮೊದಲ ಮಾತಿನ ಚಿತ್ರವನ್ನು ಕೊಟ್ಟರು.

ವೀರಣ್ಣನವರ ಸಂಸ್ಥೆಯೇ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವನ್ನು ನಿರ್ಮಿಸಿ ರಾಜಕುಮಾರ್ ಎಂಬ ನಾಯಕನಟನನ್ನು ನಾಡಿಗೆ ನೀಡಿತು. ಮೂಕಿ ಚಿತ್ರದ ಪಿತಾಮಹ ಫಾಲ್ಕೆಯವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಅದೇ ರಾಜಕುಮಾರ್ ಅವರಿಗೆ 1995ನೆಯ ಸಾಲಿನಲ್ಲಿ ಸಂದಿತು. ಕೊಂಡಿಗಳು ಹೀಗೆ ಕಾಣದಂತೆ ಕೂಡಿಕೊಂಡಿರುತ್ತವೆ.

ಮಾತು ಬಂದಿತು, ಕೆಲವು ಹೋದುವು

1927ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ‘ದಿ ಜಾಝ್ ಸಿಂಗರ್’ ಬಂದು ಮಾತಿನ ಚಿತ್ರಗಳ ಬಾಗಿಲು ತೆರೆಯಿತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ತೆರೆಕಂಡು ಭಾರತದ ತೆರೆಯೂ ಮಾತನಾಡಿತು. ಜನ ಹುಚ್ಚೆದ್ದು ನೆರೆದರು. ತಾಯಿನುಡಿಯ ಮಾತನ್ನು, ಹಾಡನ್ನು ತೆರೆಯಿಂದ ಕೇಳಿದ ಸಂತೋಷ ಸಣ್ಣದಲ್ಲ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕನ್ನಡ ಚಿತ್ರರಂಗವೆಂಬುದು ಅಸ್ತಿತ್ವಕ್ಕೆ ಬಂದುದೇ ಮಾತಿನಿಂದ. ಆದರೆ ಪ್ರತಿಯೊಂದು ಲಾಭಕ್ಕೂ ಒಂದು ಬೆಲೆಯಿರುತ್ತದೆ. ತೆರೆಯ ಮುಂದೆ ನುಡಿಸುತ್ತಿದ್ದ ವಾದ್ಯಗಾರರ ಅನ್ನ ಹೋಯಿತು. ಮೂಕಿ ಯುಗದ ಮಹಾತಾರೆ ಸುಲೋಚನಾ ಎಂಬ ರೂಬಿ ಮೈಯರ್ಸ್ ಹಿಂದೂಸ್ತಾನಿಯನ್ನು ಹೊಸದಾಗಿ ಕಲಿತು ಬರಬೇಕಾಯಿತು. ಅದಕ್ಕಿಂತ ಮಿಗಿಲಾಗಿ, ಒಂದೇ ಚಿತ್ರವನ್ನು ಕನ್ನಡಿಗ, ಬಂಗಾಳಿ, ಜರ್ಮನ್, ಜಪಾನಿ ಎಲ್ಲರೂ ಯಾರ ಹಂಗೂ ಇಲ್ಲದೆ ಅರಿಯಬಹುದಾಗಿದ್ದ ಸೌಲಭ್ಯ ಕೈಬಿಟ್ಟಿತು. ತೆರೆ ಮಾತು ಕಲಿತೊಡನೆ ಪ್ರೇಕ್ಷಕರು ಭಾಷೆಭಾಷೆಗಳಾಗಿ ಬೇರ್ಪಟ್ಟರು.

ಈ ಬೆಲೆಯನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರಲ್ಲಿ ಚಾರ್ಲಿ ಚಾಪ್ಲಿನ್ ಒಬ್ಬರು. ಎಲ್ಲೆಡೆ ಮಾತಿನ ಚಿತ್ರಗಳೇ ತುಂಬಿದ್ದ 1931ರಲ್ಲಿ ಅವರು ‘ಸಿಟಿ ಲೈಟ್ಸ್’ ಎಂಬ ಚಿತ್ರವನ್ನು ಮಾತಿಲ್ಲದೆಯೇ ಹೊರತಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರನ್ನು ಕಂಡು ಯಂತ್ರಗಳ ವಿಷಯವಾಗಿ ಸಂಭಾಷಿಸಿದರು. 1936ರ ಅವರ ‘ಮಾಡರ್ನ್ ಟೈಮ್ಸ್’ನಲ್ಲಿ ದೈತ್ಯಯಂತ್ರವೊಂದು ಕಾರ್ಮಿಕನನ್ನು ತನ್ನ ಹಲ್ಲುಚಕ್ರಗಳ ನಡುವೆ ನುಂಗುವ ನೋಟವನ್ನು ಯಾವ ಭಾಷೆಯವನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಂದಿಗೂ ಏಕೆ ಪ್ರಿಯ?

ನೂರು ವರ್ಷ ಕಳೆದರೂ ಈ ಚಿತ್ರಗಳು ಸವಿ ಕೆಡದೆ ಉಳಿದಿರುವುದೇಕೆ? ನಮಗೆ ತೋರುವ ಉತ್ತರ ಇದು: ಮೂಕಿ ಚಿತ್ರ ಅರ್ಧವನ್ನು ಮಾತ್ರ ತೋರಿಸಿ, ಉಳಿದರ್ಧವನ್ನು ನೋಡುವವನ ಹೃದಯಕ್ಕೆ ಬಿಡುತ್ತದೆ. ಅಭಿನಯದಲ್ಲಿ ವಾಚಿಕ, ಆಂಗಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯನ್ನು ನಮ್ಮ ಪ್ರಾಚೀನರು ಹೇಳಿದ್ದಾರೆ. ವಾಚಿಕವನ್ನು ಕಳೆದುಕೊಂಡ ಈ ಕಲೆ ಸಾತ್ತ್ವಿಕವನ್ನು ಎಷ್ಟು ಎತ್ತರಕ್ಕೆ ಕೊಂಡೊಯ್ಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು.

‘ಸಿಟಿ ಲೈಟ್ಸ್’ನಲ್ಲಿ ಬಡ ಅಲೆಮಾರಿಯೊಬ್ಬ ಕುರುಡು ಹೂವಾಡಗಿತ್ತಿಗೆ ನೆರವಾಗುತ್ತಾನೆ. ಅವನನ್ನು ಆಕೆ ಸಿರಿವಂತನೆಂದೇ ತಿಳಿದಿರುತ್ತಾಳೆ. ಅವಳ ಕಣ್ಣಿನ ಚಿಕಿತ್ಸೆಗೆ ಹಣ ಒದಗಿಸಿ ಅವನು ಸೆರೆಮನೆ ಸೇರುತ್ತಾನೆ. ಹೊರಬಂದಾಗ ಹರಕು ಬಟ್ಟೆ, ಬೀದಿಹುಡುಗರ ಗೇಲಿ. ಈಗ ಕಣ್ಣು ಬಂದಿರುವ ಆಕೆ ಅವನನ್ನು ಕಂಡು ಕನಿಕರದಿಂದ ಒಂದು ಹೂವನ್ನೂ ನಾಣ್ಯವನ್ನೂ ಕೊಡಲು ಹೋಗಿ, ಅವನ ಕೈಯನ್ನು ಮುಟ್ಟುತ್ತಾಳೆ. ಕಣ್ಣು ಗುರುತಿಸದಿದ್ದುದನ್ನು ಕೈ ಗುರುತಿಸುತ್ತದೆ. ಕೃತಜ್ಞತೆ, ಬೆರಗು, ನಿರಾಸೆ, ಮಮತೆ ಇವೆಲ್ಲ ಒಂದೇ ಮುಖದ ಮೇಲೆ ಸರಿದು ಹೋಗುತ್ತವೆ. ಮಾಡಿದ ಉಪಕಾರವನ್ನು ಹೇಳಿಕೊಳ್ಳದೆ ನಿಂತ ಆ ಮನುಷ್ಯನನ್ನು ಕಂಡಾಗ, ದಾನದ ಬಗ್ಗೆ ಹತ್ತು ಉಪನ್ಯಾಸ ಮಾಡಿದ ನಮಗೂ ಮಾತು ಹೊರಡಲಿಲ್ಲ.

ಎರಡನೆಯದು 1928ರಲ್ಲಿ ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಫ್ರಾನ್ಸಿನ ರೈತರ ಮಗಳು ಜೋನ್ ತನ್ನ ಅಂತರಂಗದ ನಂಬಿಕೆಯನ್ನು ಬಿಟ್ಟುಕೊಡದೆ 1431ರಲ್ಲಿ ಜೀವಂತ ದಹನಕ್ಕೆ ಗುರಿಯಾದಳು. ಅವಳ ವಿಚಾರಣೆಯೇ ಈ ಚಿತ್ರದ ವಸ್ತು. ಪಾತ್ರ ವಹಿಸಿದ ಫಾಲ್ಕೊನೆಟ್ಟಿಯವರ ಮುಖಕ್ಕೆ ಬಣ್ಣವಿಲ್ಲ, ಅಲಂಕಾರವಿಲ್ಲ. ಆ ಮುಖವನ್ನೇ ತೆರೆಯ ತುಂಬ ತೋರಿಸುತ್ತ, ಅಧಿಕಾರಸ್ಥರ ನಡುವೆ ಒಂಟಿಯಾಗಿ ನಿಂತ ಭಕ್ತಿ ಎಂಥದೆಂಬುದನ್ನು ನಿರ್ದೇಶಕ ನಮಗೆ ಕಾಣಿಸುತ್ತಾನೆ.

ಹಾಸ್ಯವೂ ಇಲ್ಲಿ ಹಗುರವಲ್ಲ. 1928ರ ಚಿತ್ರವೊಂದರಲ್ಲಿ ಬಸ್ಟರ್ ಕೀಟನ್ ಎಂಬ ನಟನ ಮೇಲೆ ಮನೆಯ ಇಡಿಯ ಮುಂಗೋಡೆ ಉರುಳಿಬೀಳುತ್ತದೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಆತ ನಿಂತಲ್ಲಿಗೇ ಬಂದು ಅವನು ಉಳಿಯುತ್ತಾನೆ. ಅದು ನಿಜವಾದ ಗೋಡೆ. ಕೆಲವೇ ಅಂಗುಲ ತಪ್ಪಿದ್ದರೂ ಪ್ರಾಣ ಹೋಗುತ್ತಿತ್ತು.

ಕಳೆದುಕೊಂಡ ಸಂಪತ್ತು

ಇಂಥ ಕಲೆಗೆ ನಾವು ಮಾಡಿದುದೇನು? ಇಲ್ಲಿ ಬರಹ ಭಾರವಾಗುತ್ತದೆ. ಅಂದಿನ ಚಿತ್ರಸುರುಳಿಗಳು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನಿಂದಾದವು. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಹತ್ತಿದರೆ ನೀರಿನಿಂದಲೂ ಆರದು. ಬೆಂಕಿ ಬೀಳದಿದ್ದರೂ ಬೆಚ್ಚಗಿನ ತೇವದ ಹವೆಯಲ್ಲಿ ಮೊದಲು ಅಂಟಾಗಿ, ಕೊನೆಗೆ ಪುಡಿಯಾಗಿ ಹೋಗುತ್ತದೆ. ಮಾತಿನ ಚಿತ್ರ ಬಂದ ಮೇಲೆ ಇವುಗಳಿಗೆ ಬೆಲೆಯಿಲ್ಲವೆಂದು, ಸುರುಳಿಯಲ್ಲಿದ್ದ ಬೆಳ್ಳಿಯ ಅಂಶಕ್ಕಾಗಿ ಕರಗಿಸಿದವರೂ ಉಂಟು. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1,300ಕ್ಕೂ ಹೆಚ್ಚು. ಪೂರ್ಣವಾಗಿಯೋ ತುಣುಕಾಗಿಯೋ ಉಳಿದಿರುವವು ಮೂವತ್ತರ ಆಸುಪಾಸು. ‘ಆಲಂ ಆರಾ’ ಕೂಡ ಇಂದಿಲ್ಲ. ನಮ್ಮ ‘ಸತಿ ಸುಲೋಚನಾ’ವೂ ಇಲ್ಲ. ಸಿರಿವಂತ ಅಮೆರಿಕದ ಸ್ಥಿತಿಯೂ ಹೆಮ್ಮೆಪಡುವಂಥದಲ್ಲ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ಅಧ್ಯಯನದಂತೆ, ಆ ದೇಶದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದವು ಶೇಕಡ 14 ಮಾತ್ರ.

ನಮ್ಮಲ್ಲಿ ಉಳಿದಷ್ಟಾದರೂ ಉಳಿದುದು ಕೆಲವರ ಶ್ರದ್ಧೆಯಿಂದ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅಲ್ಲಿ ದುಡಿದ ಪಿ. ಕೆ. ನಾಯರ್ ಅವರು ಊರೂರು ಅಲೆದು, ತಗಡಿನ ಡಬ್ಬಿಗಳನ್ನು ಬಿಚ್ಚಿ ನೋಡಿ ಚಿತ್ರಗಳನ್ನು ಸಂಗ್ರಹಿಸಿದರು. ಫಾಲ್ಕೆಯವರ ಚಿತ್ರಗಳಲ್ಲಿ ಉಳಿದ ಭಾಗಗಳನ್ನು ನಾವಿಂದು ನೋಡುವಂತಾಗಿದ್ದರೆ ಅದಕ್ಕೆ ಅವರ ಪರಿಶ್ರಮವೇ ಮುಖ್ಯ ಕಾರಣ.

ಕಳೆದುದು ಮರಳಿ ದೊರೆತ ಪವಾಡಸದೃಶ ಸಂಗತಿಗಳೂ ಇಲ್ಲದಿಲ್ಲ. ಡ್ರೇಯರ್ ಅವರ ಜೋನ್ ಚಿತ್ರದ ಮೂಲಪ್ರತಿ ಬೆಂಕಿಗೆ ಆಹುತಿಯಾಯಿತು. ಅವರು ಉಳಿದ ತುಣುಕುಗಳಿಂದ ಮತ್ತೊಂದನ್ನು ಜೋಡಿಸಿದರು. ಅದಕ್ಕೂ ಅದೇ ಗತಿಯಾಯಿತು. ತಮ್ಮ ಶ್ರೇಷ್ಠ ಕೃತಿ ಇಲ್ಲವಾಯಿತೆಂಬ ಕೊರಗಿನಲ್ಲಿಯೇ 1968ರಲ್ಲಿ ಅವರು ತೀರಿಕೊಂಡರು. 1981ರಲ್ಲಿ ನಾರ್ವೆ ದೇಶದ ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರ ಕಪಾಟಿನಲ್ಲಿ ಆ ಮೂಲಚಿತ್ರದ ಪೂರ್ಣಪ್ರತಿ ದೊರೆಯಿತು! ಹಾಗೆಯೇ 1927ರ ಜರ್ಮನ್ ಚಿತ್ರ ‘ಮೆಟ್ರೊಪೊಲಿಸ್’ನ ಕಳೆದುಹೋದ ಭಾಗಗಳು 2008ರಲ್ಲಿ ಅರ್ಜೆಂಟೀನಾದ ಸಂಗ್ರಹಾಲಯವೊಂದರಲ್ಲಿ ಸಿಕ್ಕಿದವು. ಯಾರೋ ಒಬ್ಬರು, ಎಲ್ಲಿಯೋ ಒಂದು ಕಡೆ, ಬಿಸಾಡದೆ ಎತ್ತಿಟ್ಟಿದ್ದರೆಂಬುದೇ ಈ ಎರಡರ ಗುಟ್ಟು.

ನಮ್ಮ ಕರ್ತವ್ಯ

ಮಾತಿಲ್ಲದ ಚಿತ್ರಕ್ಕೆ ಇನ್ನು ಎಡೆಯಿಲ್ಲವೆಂದು ಹೇಳುವವರು 1987ರ ‘ಪುಷ್ಪಕ ವಿಮಾನ’ವನ್ನು ನೆನೆಯಬೇಕು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಶೃಂಗಾರ್ ನಾಗರಾಜ್ ಅವರೊಡನೆ ನಿರ್ಮಿಸಿ, ನಮ್ಮ ಬೆಂಗಳೂರಿನಲ್ಲಿಯೇ ತೆಗೆದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಹೆಸರನ್ನಷ್ಟೇ ಬದಲಿಸಿ ಅದನ್ನು ಹಲವು ರಾಜ್ಯಗಳಲ್ಲಿ ತೋರಿಸಿದರು. ಅನುವಾದದ ಅಗತ್ಯವೇ ಬೀಳಲಿಲ್ಲ. ಇಟಲಿಯ ಪೊರ್ದೆನೋನೆ ಎಂಬ ಊರಿನಲ್ಲಿ 1982ರಿಂದ ಮೂಕಿ ಚಿತ್ರಗಳಿಗಾಗಿಯೇ ಉತ್ಸವ ನಡೆದು ಬಂದಿದೆ.

ಇಂದು ಅಂತರ್ಜಾಲದಲ್ಲಿ ಇಂಥ ಹಲವು ಚಿತ್ರಗಳು ಮನೆಯಲ್ಲಿಯೇ ನೋಡಲು ದೊರೆಯುತ್ತವೆ. ರಜೆಯ ದಿನ ಸಂಜೆ ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲ ಕೂಡಿ ಒಂದನ್ನು ನೋಡಿರಿ. ಕಿವಿ ಮಂದವಾದ ಹಿರಿಯರಿಗೂ ಇನ್ನೂ ಅಕ್ಷರ ಕಲಿಯದ ಕೂಸಿಗೂ ಅದು ಸಮನಾಗಿ ದಕ್ಕುತ್ತದೆ. ಇಂಥ ಪಂಕ್ತಿಭೇದವಿಲ್ಲದ ಊಟ ಇಂದಿನ ಮನರಂಜನೆಯಲ್ಲಿ ಅಪರೂಪ.

ಮತ್ತೊಂದು ಕೋರಿಕೆಯೂ ಉಂಟು. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ, ನಾಟಕ ಕಂಪನಿಗಳಲ್ಲಿ ದುಡಿದವರ ಪೆಟ್ಟಿಗೆಗಳಲ್ಲಿ ಹಳೆಯ ಭಾವಚಿತ್ರಗಳು, ಕರಪತ್ರಗಳು, ತಗಡಿನ ಡಬ್ಬಿಗಳು ಇರಬಹುದು. ಅವನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರಿಗೊಮ್ಮೆ ತೋರಿಸಿರಿ. ಹಳೆಯ ಚಿತ್ರಸುರುಳಿಯೇನಾದರೂ ಸಿಕ್ಕಿದರೆ ದೀಪ, ಬೆಂಕಿಗಳಿಂದ ದೂರವಿಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿರಿ. ತಾಳೆಯೋಲೆಯ ಕಟ್ಟುಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿದ ಮನೆತನಗಳು ನಮ್ಮವು. ಅವರು ಕಾಯ್ದುದರಿಂದಲೇ ನಮಗೆ ಓದಲು ದೊರೆಯಿತು. ನಾವು ಕಾಯ್ದರೆ ಮುಂದಿನವರಿಗೆ ನೋಡಲು ದೊರೆತೀತು.